ಅರ್ಧ ಸ್ವರ ಕೆಳಗೆ

ಬೇಸಿಗೆ ರಜೆಗೆ ಶಾಲೆ ಮುಚ್ಚಲು ನಾಲ್ಕು ದಿನ ಬಾಕಿ ಇರುವಾಗ ಆರ್ಡೆಲ್ ಪೆಟಸ್ ತನ್ನ ಗಿಟಾರನ್ನು ಮಕ್ಕಳ ಬಾಯಲ್ಲಿ ಕೇಳಿದ.

ಅವನು ಓಡಿಸುತ್ತಿದ್ದ ಶಾಲೆಯ ಬಸ್ಸಿನಲ್ಲಿ, ಹಿಂದಿನ ಸೀಟಿನ ಐದಾರು ಹುಡುಗಿಯರು ಮುಂದಿನ ಸೀಟಿನ ಬೆನ್ನಿಗೆ ಅಂಗೈ ಬಡಿಯುತ್ತ ಹಾಡುತ್ತಿದ್ದರು. ಹಾಡಿನ ಮಾತು, ಪಟಪಟ ಹೇಳುವ ರ‍್ಯಾಪ್, ಅವನ ಮಗ ಕ್ವಿಂಟ್ರೆಲ್‌ನದು. ಮನೆಯಲ್ಲೂ ಊರಲ್ಲೂ ಅವನು ಟ್ರೆಲ್. ಆದರೆ ಎರಡು ಸಾಲುಗಳ ನಡುವೆ ಮಾತಿಲ್ಲದ ಕಡೆ ಹುಡುಗಿಯರು 'ಡಂ ಡಡಂ ಡೀ' ಎಂದು ಬಾಯಲ್ಲೇ ನುಡಿಸುತ್ತಿದ್ದರಲ್ಲ, ಅದು ಆರ್ಡೆಲ್‌ನ ಕೈ. ಮಾರ್ಚ್ ತಿಂಗಳಲ್ಲಿ ಜಗಲಿಯ ಮೇಲೆ ಕೂತು ನುಡಿಸಿದ್ದು. "ಸುಮ್ನೆ ನುಡ್ಸಪ್ಪ, ನನ್ ಹತ್ರ ಇರ್ಲಿ ಅಂತ," ಎಂದು ಮಗ ಫೋನನ್ನು ಹೂಕುಂಡಕ್ಕೆ ಒರಗಿಸಿ ಅದನ್ನು ಹಿಡಿದುಕೊಂಡಿದ್ದ, ಆಮೇಲೆ ತನ್ನ ಹಾಡಿಗೆ ಸೇರಿಸಿದ್ದ.

ಆರ್ಡೆಲ್ ಕನ್ನಡಿಯಲ್ಲಿ ನೋಡಿದ. ಮಕ್ಕಳ ಹಾಡಿನಲ್ಲಿ ಏನೋ ಕಡಿಮೆಯಾಗಿತ್ತು. ಮೂರನೇ ಸಲ ಸುತ್ತಿ ಬಂದಾಗ ಸಿಕ್ಕಿತು. ಸಾಲು ಮುಗಿಯುವ ಕಡೆ ಅವನು ನಾಲ್ಕು ಬಡಿತದ ಮೇಲೆ ಐದನೆಯದೊಂದು ಹಾಕುತ್ತಾನೆ. ಅವನಪ್ಪ ಹೋಶೀಯನೂ ಹಾಕುತ್ತಿದ್ದ. ಹಾಡುವವನ ಉಸಿರು ಮುಗಿದ ಮೇಲೆ ತಾನೆ ಕೈ ಬದಲಾಗಬೇಕು. ಇಲ್ಲಿ ನಾಲ್ಕಕ್ಕೇ ಮುಗಿಸಿ ಮತ್ತೆ ಶುರು ಮಾಡುತ್ತಿದ್ದರು.

"ಅಲ್ಲೊಂದು ಬಡಿತ ಬಿಟ್ರಿ ನೀವು," ಅಂದ.

"ಇಲ್ಲ ಮಿಸ್ಟರ್ ಪೆಟಸ್, ಹಾಡಲ್ಲೇ ಹಂಗಿದೆ. ನೀವು ಕೇಳಿಲ್ವಾ?"

ಇನ್ನೊಬ್ಬಳು ಅವಳ ಪಕ್ಕೆಗೆ ತಿವಿದು, "ಏ, ಅವರು ಟ್ರೆಲ್ ಅಪ್ಪ ಕಣೇ. ಅವರಿಗೇ ಹೇಳ್ತೀಯಾ?" ಅಂದಳು.

ಇಪ್ಪತ್ತಾರು ವರ್ಷ ಟ್ರೆಲ್ ಆರ್ಡೆಲ್‌ನ ಮಗನಾಗಿದ್ದ. ಇದು ಯಾವಾಗ ತಿರುಗುಮುರುಗಾಯಿತೋ ಆರ್ಡೆಲ್‌ಗೆ ತಿಳಿಯಲಿಲ್ಲ. ಅದೇ ಯೋಚನೆಯಲ್ಲಿ ಹುಡುಗಿಯರು ಇಳಿಯುವ ತಿರುವನ್ನು ದಾಟಿ ಅರ್ಧ ಮೈಲಿ ಹೋಗಿಬಿಟ್ಟಿದ್ದ.

ಆ ಸಂಜೆ ಮನೆಗೆ ಬಂದರೆ ಹೆಂಡತಿ ವರ್ನೀಸ್ ಚರ್ಚಿನ ಬಿಳಿ ಸಮವಸ್ತ್ರಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಅಡುಗೆಮನೆಯ ಕಿಟಕಿಯಲ್ಲಿ ಅವಳ ರೇಡಿಯೊ ಎಂದಿನಂತೆ ಕಂಟ್ರಿ ಹಾಡು ಹಾಕಿತ್ತು. ಅವಳು ಕೇಳುತ್ತಿದ್ದುದು ಅದನ್ನಲ್ಲ. ಇಸ್ತ್ರಿ ಪೆಟ್ಟಿಗೆ ಹಿಂದೆ ಮುಂದೆ ಹೋಗುವ ಲಯಕ್ಕೆ ಮಗನ ಹಾಡನ್ನು ಗುನುಗುತ್ತಿದ್ದಳು. ಮದುವೆಯಾಗಿ ಮೂವತ್ತಮೂರು ವರ್ಷದಲ್ಲಿ ಅವಳು ಆರ್ಡೆಲ್‌ನ ಒಂದು ಹಾಡನ್ನೂ ಗುನುಗಿದ್ದಿಲ್ಲ.

ರಾತ್ರಿಯೂಟಕ್ಕೆ ಅಲಸಂದೆ, ಹುರಿದ ಬೆಂಡೆಕಾಯಿ, ಮೆಕ್ಕೆಜೋಳದ ಹಿಟ್ಟಿನ ಕಾರ್ನ್‌ಬ್ರೆಡ್. ಆರ್ಡೆಲ್‌ನ ತಾಯಿ ಲುವೀನಿಯ ಕಾರ್ನ್‌ಬ್ರೆಡ್ಡನ್ನು ಮಜ್ಜಿಗೆಯ ಲೋಟಕ್ಕೆ ಪುಡಿ ಮಾಡಿ ಚಮಚದಲ್ಲಿ ತಿನ್ನುತ್ತಿದ್ದಳು. ಎಂಬತ್ತೆರಡು ದಾಟಿದ ಮೇಲೆ ಸಂಜೆ ಅವಳಿಗೆ ಇಷ್ಟೇ ಊಟ. ವೃದ್ಧಾಶ್ರಮದಲ್ಲಿ ಕೆಲಸ ಮಾಡುವ ಮಗಳು ಲಟ್ರೀಸ್ ಇನ್ನೂ ಕೆಲಸದ ಬಟ್ಟೆಯಲ್ಲೇ ಕೂತಿದ್ದಳು.

"ಬಡಿತ ಯಾಕೆ ಕತ್ತರಿಸಿದೆ?" ಆರ್ಡೆಲ್ ಮಗನನ್ನು ಕೇಳಿದ.

ಟ್ರೆಲ್‌ಗೆ ತಕ್ಷಣ ಅರ್ಥವಾಯಿತು. ಅದೂ ಆರ್ಡೆಲ್‌ಗೆ ಸರಿಬೀಳಲಿಲ್ಲ. "ಅಪ್ಪ, ಡ್ರಮ್ ಮಷೀನು ನಾಲ್ಕಕ್ಕೆ ತಿರುಗತ್ತೆ. ಐದು ಇಟ್ರೆ ನನ್ ಮಾತು ಅದರ ಮೇಲೆ ಕೂರಲ್ಲ."

"ಮಷೀನಿಗೆ ಸ್ವಲ್ಪ ಕಾಯೋದು ಕಲಿಸು."

"ಕಾಯೋ ಮಷೀನು ಈ ಮನೇಲಿ ಒಂದೇ ಇರೋದು, ಬಟ್ಟೆ ಒಗೆಯೋದು," ಅಂದಳು ಲಟ್ರೀಸ್. "ಅರ್ಧ ತಾಸು ಕಾದ್ರೂ ನೀರೇ ತಗೊಳಲ್ಲ."

"ನನಗೇನೋ ಚೆನ್ನಾಗಿದೆ ಅನ್ನಿಸ್ತು," ಅಂದಳು ವರ್ನೀಸ್. "ನನ್ ರೇಡಿಯೊದ ಸ್ಟೀಲ್ ಗಿಟಾರನ್ನೂ ಹಿಂದುಗಡೆ ಇಟ್ಟಿದಾನೆ. ನೀನು ಬ್ಲೂಸ್ ನುಡಿಸ್ತಿರ್ತೀಯ, ಅದು ಅಲ್ಲಿ ದೂರದಲ್ಲಿ ಅಳ್ತಿರತ್ತೆ, ಮಧ್ಯದಲ್ಲಿ ಇವನು ಪಟಪಟ ಮಾತಾಡ್ತಾನೆ. ನಮ್ಮನೆ ಅಡುಗೆಮನೆಯಿದ್ದ ಹಾಗೇ ಇದೆ."

"ಮೂವತ್ತು ವರ್ಷದಿಂದ ಆ ರೇಡಿಯೊ ಆರಿಸು ಅಂತ ಬೇಡ್ಕೋತಿದೀನಿ," ಅಂದ ಆರ್ಡೆಲ್. "ಈಗ ನನ್ ಗಿಟಾರ್ ಪಕ್ಕಕ್ಕೇ ತಂದು ಕೂರ್ಸಿದಾನೆ."

"ನಿನ್ ಗಿಟಾರ್ ಅಂತ ಅದರ ಮೇಲೆ ಬರ್ದಿಲ್ವಲ್ಲ," ಅಂದಳು ಲಟ್ರೀಸ್, ನಗುತ್ತ. ಆಮೇಲೆ ಅಪ್ಪನ ಮುಖ ನೋಡಿ ನಗುವುದನ್ನು ನಿಲ್ಲಿಸಿದಳು.

ಜೂನ್ ಮೊದಲ ವಾರದಿಂದ ಬಸ್ಸಿಗೆ ರಜೆ. ಇಡೀ ದಿನ ಆರ್ಡೆಲ್ ಮನೆಯಲ್ಲೇ. ಬೇಲಿ ಸರಿ ಮಾಡಿದ, ಟೊಮೆಟೊ ಗಿಡಗಳಿಗೆ ಕೋಲು ಕೊಟ್ಟ, ಸರಿಯಾಗಿಯೇ ಇದ್ದ ಜಾಲರಿ ಬಾಗಿಲನ್ನು ಬಿಚ್ಚಿ ಮತ್ತೆ ಕೂರಿಸಿದ. ಎಲ್ಲಿ ನಿಂತರೂ ಹಿಂದಿನ ಕೋಣೆಯಿಂದ ಟ್ರೆಲ್‌ನ ಕೆಲಸ ಕೇಳಿಸುತ್ತಿತ್ತು. ಒಂದೇ ತುಂಡು ನಲವತ್ತು ಸಲ. ಆ ತುಂಡಿನೊಳಗೆ ತಾನು ನಲವತ್ತು ಸಲ. ಪೆಟ್ರೋಲ್ ಬಂಕಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಜನ ಕೈ ಹಿಡಿದು "ಹುಡುಗ ಹೆಸರು ತಂದ" ಅನ್ನುತ್ತಿದ್ದರು. "ಹೂಂ, ದೇವರು ದೊಡ್ಡವನು," ಅಂದು ಆರ್ಡೆಲ್ ಕೈ ಬಿಡಿಸಿಕೊಳ್ಳುತ್ತಿದ್ದ.

ಎರಡನೇ ವಾರದ ಮಂಗಳವಾರ ಟ್ರೆಲ್ ಜಗಲಿಗೆ ಬಂದು ಅಪ್ಪನ ಪಕ್ಕ ಕೂತ.

"ಜುಲೈ ಎರಡನೇ ಶನಿವಾರ ಮೆಂಫಿಸ್‌ನಲ್ಲಿ ಆಡಬೇಕು. ನದಿ ಪಕ್ಕದ ಬಯಲಲ್ಲಿ, ಮಧ್ಯಾಹ್ನ ಮೂರಕ್ಕೆ. ಐದು ಸಾವಿರ ಜನ ಬರ್ತಾರಂತೆ."

"ಒಳ್ಳೇದು."

"ನೀನು ನುಡಿಸ್ಬೇಕಪ್ಪ. ಫೋನಲ್ಲಿರೋದನ್ನ ಹಾಕೋಕೆ ನನಗೆ ಇಷ್ಟ ಇಲ್ಲ."

ಆರ್ಡೆಲ್ ಇದಕ್ಕಾಗಿಯೇ ಕಾಯುತ್ತಿದ್ದ. ಹುಟ್ಟಿದಾಗಿನಿಂದ ಕಾಯುತ್ತಿದ್ದ ಅಂದರೂ ತಪ್ಪಿಲ್ಲ. ಮೀನು ಹುರಿಯುವ ಶುಕ್ರವಾರಗಳಲ್ಲಿ, ಆಡು ಸುಡುವ ಬೇಸಿಗೆ ಕೂಟಗಳಲ್ಲಿ ಊರವರಿಗೆ ನುಡಿಸಿದ್ದು ಬಿಟ್ಟರೆ ಅವನು ಒಂದು ವೇದಿಕೆಯನ್ನೂ ಹತ್ತಿದವನಲ್ಲ. ಮೂವತ್ತೊಂದು ವರ್ಷದ ಹಿಂದೆ ಧ್ವನಿ ಹಿಡಿಯುವ ಯಂತ್ರ ತಂದವನೊಬ್ಬ ಇದೇ ಜಗಲಿಯಲ್ಲಿ ಎರಡು ದಿನ ಕೂತು ಹೋಶೀಯನ ಹಾಡುಗಳನ್ನು ಹಿಡಿದುಕೊಂಡು ಹೋದ. ಪಕ್ಕದಲ್ಲಿ ಕೂತು ಆರ್ಡೆಲ್ ಕೂಡ ನುಡಿಸಿದ್ದ. ಹಾಡಿನ ತಟ್ಟೆ ಅಚ್ಚಾಗಿ ಬಂದಾಗ ಅದರ ರಟ್ಟಿನ ಹೊದಿಕೆಯ ಮೇಲೆ 'ಹೋಶೀಯ ಪೆಟಸ್, ಮತ್ತು ಜೊತೆ ಗಿಟಾರ್' ಎಂದಿತ್ತು. ಜೊತೆ ಗಿಟಾರಿಗೆ ಹೆಸರಿರಲಿಲ್ಲ.

"ನೋಡೋಣ," ಅಂದ ಆರ್ಡೆಲ್.

ಮರುದಿನ ಹಿಂದಿನ ಕೋಣೆಯಲ್ಲಿ ಮಷೀನಿನ ಜೊತೆ ಕೂತ. ಟ್ರೆಲ್ ಗುಂಡಿ ಒತ್ತಿದ. ಡ್ರಮ್ ಬಂತು. ಆರ್ಡೆಲ್ ಬೆರಳಿಗೆ ಗಾಜಿನ ಕೊಳವೆ ಹಾಕಿ ತಂತಿಯ ಮೇಲೆ ಜಾರಿಸಿದ. ಸಾಲಿನ ಕೊನೆ ಬಂದಾಗ ಉಸಿರು ಮುಗಿಯಲಿ ಎಂದು ಕೈ ನಿಂತಿತು. ಮಷೀನು ನಿಲ್ಲಲಿಲ್ಲ. ಮುಂದಿನ ಸಾಲಿಗೆ ಅವನು ಬರುವಷ್ಟರಲ್ಲಿ ಅದು ಹೊರಟುಹೋಗಿತ್ತು, ಬಸ್ಸು ತಪ್ಪಿದ ಮಗುವಿನ ಹಾಗೆ ಅವನು ಹಿಂದೆ ಓಡಬೇಕಾಯಿತು. ಎರಡನೇ ಸಲವೂ ಹಾಗೇ. ಮೂರನೇ ಸಲ ಟ್ರೆಲ್ ಮೆಲ್ಲಗೆ, ತೀರ ಮೆಲ್ಲಗೆ, ಅಪ್ಪನ ಮೊಣಕಾಲಿನ ಮೇಲೆ ಬೆರಳಿನಿಂದ ಒಂದು ಎರಡು ಮೂರು ನಾಲ್ಕು ಎಣಿಸಿ ತೋರಿಸಿದ.

ಆರ್ಡೆಲ್ ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟ.

"ಆ ಶನಿವಾರ ನನಗೆ ಪುರುಸೊತ್ತಿಲ್ಲ," ಅಂದ.

"ಏನ್ ಕೆಲಸ ಅಪ್ಪ?"

"ಇದೆ."

ಆ ವಾರ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಎತ್ತಿದವಳು ಲುವೀನಿಯ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಮಗ ಅವಳ ಕಾಲಿನ ಬೂಟು ಬಿಚ್ಚುತ್ತಿದ್ದಾಗ ಹೇಳಿದಳು.

"ನಿಮ್ಮಪ್ಪನ ಮುಖ ಹಾಕ್ಕೊಂಡು ಓಡಾಡ್ತಿದೀಯ."

"ಎಲ್ಲರೂ ಹೇಳ್ತಾರೆ, ಮೂಗು ಅವರದೇ ಅಂತ."

"ಮೂಗಲ್ಲ. ಆ ಯಂತ್ರದವನು ಬಂದಾಗ ಹಾಕ್ಕೊಂಡಿದ್ನಲ್ಲ, ಆ ಮುಖ." ಅವಳು ಪಾದ ಉಜ್ಜಿಕೊಂಡಳು. "ಹೋಗೋ ಹೊತ್ತಿಗೆ ಅವನು ಕೇಳ್ದ, ಇನ್ನೊಂದು ಗಿಟಾರ್ ಯಾರದು, ಹೆಸರೇನು ಬರ್ಕೊಳ್ಲಿ ಅಂತ. ನಿಮ್ಮಪ್ಪ ಅಂದ, ಅದೇನ್ ಬಿಡಿ, ಪಕ್ಕದ ಹುಡುಗ ಅಂತ. ನಾನು ಕಾಫಿ ಹಿಡ್ಕೊಂಡು ಬಾಗಿಲಲ್ಲೇ ನಿಂತಿದ್ದೆ."

ಆರ್ಡೆಲ್‌ನ ಕೈಯಲ್ಲಿ ಬೂಟು ಹಾಗೇ ಉಳಿಯಿತು. "ಆ ಯಂತ್ರದವನು ಬರೆಯೋಕೆ ಮರೆತ ಅಂದ್ಕೊಂಡಿದ್ದೆ."

"ಮರೆತಿರ್ಲಿಲ್ಲ."

"ಇಷ್ಟು ವರ್ಷ ನೀನ್ಯಾಕೆ ಹೇಳ್ಲಿಲ್ಲ?"

"ಗಂಡ ಅವನು. ಸತ್ತು ಹನ್ನೊಂದು ವರ್ಷ ಆಯ್ತು, ಈಗ ಹೇಳ್ತಿದೀನಿ. ಆ ಇನ್ನೊಂದು ಬೂಟು ಬಿಚ್ಚು, ಬೆರಳು ನೋಯ್ತಿದೆ."

ಜೂನ್ ಕೊನೆಯ ಮಂಗಳವಾರ ಟ್ರೆಲ್ ಒಬ್ಬಳನ್ನು ಕರೆದುಕೊಂಡು ಬಂದ. ಹೆಸರು ಮಾರ್ವೆಲ, ಮೆಂಫಿಸ್‌ನವಳು, ಮೂವತ್ತೈದರ ಸುಮಾರು, ಎರಡು ಮಕ್ಕಳ ತಾಯಿ. ಕಾಲೇಜಿನಲ್ಲಿ ಸಂಗೀತ ಓದಿದವಳು, ಚರ್ಚಿನಲ್ಲಿ ನುಡಿಸುವವಳು. ಶನಿವಾರದ ಗಿಟಾರ್ ಅವಳದು.

"ಫೋನಲ್ಲಿರೋದು ಕೇಳಿ ಕಲ್ತಿದೀನಿ ಮಿಸ್ಟರ್ ಪೆಟಸ್," ಅಂದಳು. "ಆದ್ರೆ ನಿಮ್ಮ ಕೈ ನೋಡ್ದೆ ನುಡಿಸೋದು ಸರಿಯಲ್ಲ ಅನ್ನಿಸ್ತು. ತಪ್ಪು ತಿಳೀಬೇಡಿ, ಇದು ನಿಮ್ದು."

ವರ್ನೀಸ್ ಕೊಟ್ಟ ಅಲಸಂದೆಯನ್ನು ಎರಡು ತಟ್ಟೆ ತಿಂದಳು. ಮೂರನೆಯದಕ್ಕೂ ಬೇಡ ಅನ್ನಲಿಲ್ಲ. ಲುವೀನಿಯ ಯಾವ ಚರ್ಚು ಎಂದು ಕೇಳಿ, ಅಲ್ಲಿನ ಹಿಂದಿನ ಪಾದ್ರಿ ತನ್ನ ಅಣ್ಣನ ಹೆಂಡತಿಯ ಕಡೆಯವನೆಂದು ಕಂಡುಹಿಡಿದಳು. ಇಷ್ಟವಾಗದಿರಲು ಆರ್ಡೆಲ್‌ಗೆ ಕಾರಣ ಸಿಗಲಿಲ್ಲ. ಅವಳು ಹಿತ್ತಲ ಪೀಕನ್ ಮರದ ಕೆಳಗೆ ಕೂತು ನುಡಿಸಿದಳು. ಸಾಲಿನ ಕೊನೆಯಲ್ಲಿ ಅವನ ಐದನೇ ಬಡಿತವನ್ನು ಹಾಕಿ ತೋರಿಸಿ, ಆಮೇಲೆ ನಾಲ್ಕಕ್ಕೆ ಇಳಿಸಿಯೂ ತೋರಿಸಿದಳು. ಯಾವುದಕ್ಕೂ ಕಷ್ಟಪಡಲಿಲ್ಲ. ಅವನಿಗೆ ಮೂರು ಸಲ ಆಗದ್ದು ಅವಳಿಗೆ ಮೊದಲ ಸಲಕ್ಕೇ ಆಯಿತು.

ಹಿಂದಿನ ಕಾಲದ ಗಿಟಾರಿನವರು ಒಬ್ಬರಿಗೊಬ್ಬರು ಕೈ ತೋರಿಸುತ್ತಿರಲಿಲ್ಲ. ಎದುರಿಗೆ ಇನ್ನೊಬ್ಬ ನುಡಿಸುವವನು ಕೂತಿದ್ದರೆ ಹೋಶೀಯ ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿಬಿಡುತ್ತಿದ್ದ. ತಂತಿಗಳಿಗೆ ಯಾವ ಶ್ರುತಿ ಎಂದು ಕೇಳಿದರೆ ಒಂದು ತಂತಿ ತಪ್ಪು ಹೇಳಿ ಕಳಿಸುತ್ತಿದ್ದ. ಕೇಳಿದವನು ಮನೆಗೆ ಹೋಗಿ ಆರು ತಿಂಗಳು ತಿಣುಕುತ್ತಿದ್ದ. ಅದಕ್ಕೆ ಯಾರೂ ಮೋಸ ಅನ್ನುತ್ತಿರಲಿಲ್ಲ. ಹೇಳಿಕೊಟ್ಟದ್ದನ್ನು ನಂಬಿದವನನ್ನೇ ನೋಡಿ ನಗುತ್ತಿದ್ದರು.

"ಚೆನ್ನಾಗಿದೆ," ಅಂದ ಆರ್ಡೆಲ್. "ಆದ್ರೆ ಎರಡನೇ ತಂತಿ ಹಾಗಲ್ಲ."

"ಫೋನಲ್ಲಿ ಹೀಗೇ ಇತ್ತಲ್ಲ?"

"ಅದು ಸುಮ್ನೆ ನುಡಿಸಿದ್ದು. ನಮ್ಮನೆಯ ನಿಜವಾದ ಶ್ರುತಿ ಯಾರಿಗೂ ಹಿಡ್ಕೊಳೋಕೆ ಕೊಟ್ಟಿಲ್ಲ. ನಮ್ಮಪ್ಪ ಆ ತಂತಿನ ಅರ್ಧ ಸ್ವರ ಕೆಳಗೆ ಇಳಿಸೋರು. ಸ್ವಲ್ಪ ತಿರುಗ್ಸಮ್ಮ. ಇನ್ನೂ. ಹಾಂ, ಅಲ್ಲಿ."

ಮಾರ್ವೆಲ ಆರೂ ತಂತಿಗಳ ಮೇಲೆ ಬೆರಳೆಳೆದಳು. ನಗುತ್ತಿದ್ದ ಗಿಟಾರು ಒಮ್ಮೆಗೇ ಅಳುಮೋರೆ ಮಾಡಿತು. ಅವಳು ತಲೆ ಓರೆ ಮಾಡಿ ಕೇಳಿಸಿಕೊಂಡು, ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಬರೆದುಕೊಂಡಳು.

"ದೊಡ್ಡ ಮನಸ್ಸು ನಿಮ್ದು," ಅಂದಳು. "ಇದನ್ನೆಲ್ಲ ಯಾರೂ ಕೊಡಲ್ಲ."

ಆರ್ಡೆಲ್ ಲೆಕ್ಕ ಹಾಕಿದ್ದ. ಹಾಡಿನ ಮುಕ್ಕಾಲು ಭಾಗ ಆ ತಂತಿ ಹೆಚ್ಚು ಮಾತಾಡುವುದಿಲ್ಲ. ಕೊನೆಯ ಚರಣದಲ್ಲಿ ಟ್ರೆಲ್ ಮಾತು ನಿಲ್ಲಿಸಿ, ತನ್ನಮ್ಮನ ರೇಡಿಯೊದ ಹಾಡುಗಾರರಂತೆ ದನಿಯನ್ನು ಎತ್ತರಕ್ಕೆ ಏರಿಸುತ್ತಾನೆ. ಅಲ್ಲಿ ಗಿಟಾರು ಅವನ ಜೊತೆ ಏರಬೇಕು. ಈ ತಂತಿ ಏರಗೊಡುವುದಿಲ್ಲ. ದನಿ ಒಂದು ಕಡೆ, ಗಿಟಾರ್ ಒಂದು ಕಡೆ. ಐದು ಸಾವಿರ ಜನರ ಮುಂದೆ.

ಆಮೇಲಿನ ಎರಡು ವಾರ ಆರ್ಡೆಲ್ ಚೆನ್ನಾಗಿ ಊಟ ಮಾಡಿದ. ಮಗನ ಜೊತೆ ಮಾತಾಡಿದ. ಒಂದು ದಿನ ಅವನ ಕಾರಿನ ಎಣ್ಣೆ ಬದಲಾಯಿಸಿಕೊಟ್ಟ. "ಅಪ್ಪನಿಗೆ ಏನೋ ಆಗಿದೆ," ಅಂದಳು ಲಟ್ರೀಸ್. "ನನ್ ಟಿಫಿನ್ ಡಬ್ಬಿ ತೊಳೆದಿಟ್ಟಿದ್ರು. ಡಾಕ್ಟರಿಗೆ ತೋರಿಸ್ಬೇಕೇನೋ."

ಟ್ರೆಲ್ ಹೆಚ್ಚಾಗಿ ಮೆಂಫಿಸ್‌ನಲ್ಲಿರುತ್ತಿದ್ದ, ತಾಲೀಮಿಗೆ. ಬಂದಾಗಲೆಲ್ಲ ಸಂತೋಷದಲ್ಲಿರುತ್ತಿದ್ದ. ಏನಾದರೂ ತಪ್ಪಿದೆ ಎಂದು ಅವನು ಹೇಳಬಹುದೆಂದು ಆರ್ಡೆಲ್ ಕಾದ. ಹೇಳಲಿಲ್ಲ. ಅದೇ ಅವನಿಗೆ ಕಸಿವಿಸಿ.

ಜುಲೈ ಎರಡನೇ ವಾರದ ಬುಧವಾರ ಮಾರ್ವೆಲ ಆರ್ಡೆಲ್‌ಗೆ ಕೇಳಿಸಲೆಂದು ಇನ್ನೊಮ್ಮೆ ಬಂದು ಮರದ ಕೆಳಗೆ ಒಬ್ಬಳೇ ನುಡಿಸಿ ಹೋದಳು. ವರ್ನೀಸ್ ಹಗ್ಗದ ಮೇಲೆ ಬಟ್ಟೆ ಹರವುತ್ತಿದ್ದಳು. ಆರ್ಡೆಲ್ ಬೇಕೆಂದೇ ಪೇಟೆಗೆ ಹೋಗಿದ್ದ. ತಿರುಗಿ ಬಂದಾಗ ಹೆಂಡತಿ ಜಗಲಿಯಲ್ಲಿ ಬಟ್ಟಲು ತೊಡೆಯ ಮೇಲಿಟ್ಟುಕೊಂಡು ಅಲಸಂದೆ ಬಿಡಿಸುತ್ತಿದ್ದಳು. ಸಿಪ್ಪೆಯ ಬಣ್ಣ ಹತ್ತಿ ಬೆರಳ ತುದಿಗಳು ನೇರಳೆಯಾಗಿದ್ದವು.

"ಕೂತ್ಕೋ," ಅಂದಳು. "ನೀನೂ ಒಂದಷ್ಟು ಬಿಡ್ಸು."

ಅವನು ಕೂತ. ಒಂದು ಹಿಡಿ ಕಾಯಿ ತೆಗೆದುಕೊಂಡ.

"ಆ ಎರಡನೇ ತಂತಿ ನಿನ್ದಲ್ಲ."

"ಯಾವುದು?"

"ಆರ್ಡೆಲ್."

"ನಿನಗೇನು ಗೊತ್ತಾಗತ್ತೆ, ರೇಡಿಯೊ ಕೇಳೋಳಿಗೆ."

"ಮೂವತ್ತಮೂರು ವರ್ಷ ಪಕ್ಕದ ಕೋಣೇಲಿ ಅಡುಗೆ ಮಾಡಿದೀನಿ. ನಿಮ್ಮಪ್ಪ ಇರೋವರೆಗೂ ಅವರದನ್ನೂ ಕೇಳ್ಕೊಂಡು ಮಾಡಿದೀನಿ. ಅವರು ಯಾವತ್ತೂ ಆ ತಂತಿ ಹಂಗೆ ಇಳಿಸಿದವರಲ್ಲ, ನೀನೂ ಇಳಿಸಿದವನಲ್ಲ. ನನ್ ಬಾಣಲೆ ಸೀದ ವಾಸನೆ ಗೊತ್ತಾಗೋ ಹಾಗೆ ನನಗೆ ಅದು ಗೊತ್ತಾಗತ್ತೆ."

ಆರ್ಡೆಲ್ ಒಂದು ಕಾಯಿ ಬಿಡಿಸಿದ. ಕಾಳುಗಳು ಬಟ್ಟಲಿನ ಹೊರಗೆ ಬಿದ್ದವು.

"ಒಂದು ದಿನಾನೂ ನನ್ ಹಾಡು ಗುನುಗಿಲ್ಲ ನೀನು," ಅಂದ. "ಅವನದ್ದು ಬೆಳಗಿಂದ ಸಂಜೆವರೆಗೂ."

"ಗುನುಗೋಕೆ ಜಾಗ ಬಿಟ್ಟಿದ್ಯಾ? ನೀನು ಎಲ್ಲಿ ನಿಲ್ಲಿಸ್ತೀಯೋ ನಿನಗೇ ಗೊತ್ತಿರಲ್ಲ. ನಿನ್ ಹಾಡು ಕೇಳ್ಬಹುದು, ಜೊತೆಗೆ ಹೋಗೋಕಾಗಲ್ಲ." ಅವಳು ಕೆಳಗೆ ಬಿದ್ದ ಕಾಳುಗಳನ್ನು ಆರಿಸಿಕೊಂಡಳು. "ಅಡುಗೆಮನೆ ಬಾಗಿಲು ಒಂದು ದಿನ ಮುಚ್ಚಿದ್ದೀನಾ ನಾನು, ನೀನು ನುಡಿಸುವಾಗ? ಯೋಚ್ನೆ ಮಾಡು."

ಅವನು ಯೋಚಿಸಿದ. ಮುಚ್ಚಿದ್ದು ನೆನಪಾಗಲಿಲ್ಲ.

"ನಾನು ಅವನಿಗೆ ಹೇಳಲ್ಲ," ಅಂದಳು ವರ್ನೀಸ್. "ನಾಳೆ ರಾತ್ರಿ ಊಟಕ್ಕೆ ಬರ್ತಾನೆ. ಶುಕ್ರವಾರ ಬೆಳಿಗ್ಗೆ ಹೋಗಿಬಿಡ್ತಾನೆ. ನೀನೇ ಹೇಳು."

"ಹೇಳ್ದಿದ್ರೆ?"

"ಹೇಳ್ದಿದ್ರೆ ಶನಿವಾರ ನಾನು ಮುಂದಿನ ಸಾಲಲ್ಲಿ ಕೂತು ನನ್ ಮಗ ಬೀಳೋದು ನೋಡ್ತೀನಿ. ಮನೆಗೆ ಬಂದು ನಿನಗೆ ಊಟ ಬಡಿಸ್ತೀನಿ. ಅಷ್ಟೇ." ಅವಳು ಬಟ್ಟಲೆತ್ತಿಕೊಂಡು ಒಳಗೆ ಹೋದಳು.

ಗುರುವಾರ ಮಧ್ಯಾಹ್ನದಿಂದ ಅವಳು ಕೋಳಿ ಹುರಿದಳು. ಗೆಣಸಿನ ಕಡುಬು ಮಾಡಿದಳು. ಟ್ರೆಲ್ ಬರುವಾಗಲೇ ನಗುತ್ತಿದ್ದ. ತಟ್ಟೆಗೆ ಬಡಿಸಿಕೊಂಡು, ಪ್ರಾರ್ಥನೆ ಮುಗಿಯುವವರೆಗೆ ಹೇಗೋ ತಡೆದುಕೊಂಡು, ಆಮೇಲೆ ಹೇಳಿದ.

"ಅಪ್ಪ, ಆ ಹಾಡು ಪೂರ್ತಿ ಬದಲಾಯಿಸಿದೀನಿ."

"ಯಾವ ಹಾಡು?"

"ನಮ್ದೇ. ಮಾರ್ವೆಲ ನೀನು ಹೇಳ್ಕೊಟ್ಟ ಶ್ರುತೀಲಿ ನುಡಿಸಿದ್ರು. ಮೊದಲನೇ ದಿನ ಕೊನೆ ಚರಣದಲ್ಲಿ ಡಿಕ್ಕಿ ಹೊಡೆದ ಹಾಗಾಯ್ತು. ತಪ್ಪು ನನ್ನದು ಅಂದ್ಕೊಂಡೆ. ತಾತ ಹಂಗೆ ಇಳಿಸ್ತಿದ್ರು ಅಂದ್ರೆ ಅಲ್ಲೇನೋ ಇರಬೇಕಲ್ಲ. ಮೂರು ದಿನ ಕೂತೆ. ಆಮೇಲೆ ಗೊತ್ತಾಯ್ತು, ನಾನು ಅಲ್ಲಿ ಏರಬಾರದು. ಇಳೀಬೇಕು. ಎಲ್ಲರೂ ಏರ್ತಾನೆ ಅಂತ ಕಾಯ್ತಿರ್ತಾರೆ, ನಾನು ಮೆಲ್ಲಗೆ ಇಳ್ದುಬಿಡ್ತೀನಿ." ಅವನು ಕೋಳಿಯನ್ನು ಮುಟ್ಟಿಯೇ ಇರಲಿಲ್ಲ. "ತಾಲೀಮಲ್ಲಿ ಡ್ರಮ್ಮಿನವನು ಅತ್ತುಬಿಟ್ಟ ಅಪ್ಪ. ನೂರಿಪ್ಪತ್ತು ಕೇಜಿ ಇದಾನೆ ಅವನು."

ವರ್ನೀಸ್ ಗಂಡನನ್ನೇ ನೋಡುತ್ತಿದ್ದಳು.

"ಇನ್ನೊಂದಿದೆ." ಟ್ರೆಲ್ ಫೋನು ತೆಗೆದು ಅಪ್ಪನ ಕಡೆ ಹಿಡಿದ. "ಶನಿವಾರ ವೇದಿಕೆ ಮೇಲೆ ದೊಡ್ಡ ಪರದೆ ಇರತ್ತೆ, ಅದರ ಮೇಲೆ ಹೆಸರು ಹಾಕ್ತಾರೆ. ಈ ರಾತ್ರಿಯೊಳಗೆ ಕಳಿಸ್ಬೇಕು. ಆಮೇಲೆ ಹೊಸದಾಗಿ ಬದಲಾಯಿಸಿದ ಹಾಡು ಹೊರಗೆ ಬಂದಾಗಲೂ ಇದೇ. ನೋಡು."

ಆರ್ಡೆಲ್ ಕನ್ನಡಕ ಹಾಕಿಕೊಂಡು ನೋಡಿದ. ಹಾಡಿನ ಹೆಸರಿನ ಕೆಳಗೆ, ಮಗನ ಹೆಸರಿಗಿಂತ ಮೇಲೆ, 'ಶ್ರುತಿ ಮತ್ತು ಗಿಟಾರ್ ರಚನೆ: ಆರ್ಡೆಲ್ ಪೆಟಸ್' ಎಂದಿತ್ತು. ಅಕ್ಷರದಲ್ಲಿ ಒಂದು ತಪ್ಪೂ ಇರಲಿಲ್ಲ.

"ನೀನು ಯಾರಿಗೂ ಕೊಡದೇ ಇಟ್ಕೊಂಡಿದ್ದನ್ನ ಕೊಟ್ಟೆ," ಅಂದ ಟ್ರೆಲ್. "ನಾನು ನಿನ್ನ ಕೇಳದೆ ಬಡಿತ ಕತ್ತರಿಸಿ ಹಾಕಿದ್ದೆ. ಆದ್ರೂ ಕೊಟ್ಟೆ."

ಲುವೀನಿಯ ಚಮಚದಿಂದ ಲೋಟದ ತಳ ಕೆರೆಯುತ್ತಿದ್ದಳು. ಆರ್ಡೆಲ್ ಕನ್ನಡಕ ತೆಗೆದ. ಮತ್ತೆ ಹಾಕಿಕೊಂಡು ಇನ್ನೊಮ್ಮೆ ಹೆಸರು ಓದಿದ. ಸುಮ್ಮನಿದ್ದರೆ ಆಗಿತ್ತು. ವರ್ನೀಸ್ ಬಾಯಿ ಬಿಡುವವಳಲ್ಲ, ಅವಳು ಕೊಟ್ಟ ಮಾತಿಗೆ ನಿಲ್ಲುವವಳು. ಮಗ ಬೀಳುವುದೂ ಇಲ್ಲ ಈಗ.

"ಆ ಶ್ರುತಿ ನಮ್ಮಪ್ಪನದಲ್ಲ," ಅಂದ.

"ನಿನ್ನದಾ?"

"ಯಾರದೂ ಅಲ್ಲ. ಸುಳ್ಳು ಹೇಳಿದೆ. ಆ ಹೆಣ್ಮಗಳು ತಪ್ಪು ನುಡಿಸ್ಲಿ ಅಂತ ಹೇಳ್ಕೊಟ್ಟೆ. ಕೊನೆ ಚರಣದಲ್ಲಿ ನೀನು ಡಿಕ್ಕಿ ಹೊಡೀಬೇಕು ಅಂತ."

ಟ್ರೆಲ್ ಮೊದಲು ನಗಲು ಹೋದ. ಆಮೇಲೆ ಅಮ್ಮನನ್ನು ನೋಡಿದ. ಅವಳು ಕಣ್ಣು ತಗ್ಗಿಸಿದಳು.

"ಎಲ್ಲರ ಮುಂದೆ?" ಅಂದ.

"ಹೂಂ."

"ಯಾಕಪ್ಪ?"

"ನಿನ್ನ ಹಾಡು ಬಸ್ಸಲ್ಲಿ ಹಾಡ್ತಿದ್ರು," ಅಂದ ಆರ್ಡೆಲ್. ಇನ್ನೇನೋ ಸೇರಿಸಲು ನೋಡಿದ. ಅಷ್ಟೇ ಇತ್ತು.

ಲಟ್ರೀಸ್ ಎದ್ದು ನೀರಿನ ಹೂಜಿ ತರಲು ಹೋದವಳು ಅಡುಗೆಮನೆಯಲ್ಲೇ ನಿಂತಳು. ಟ್ರೆಲ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಅವನ ಕಿವಿಯ ತುದಿ ಕೆಂಪಾಗಿತ್ತು, ಚಿಕ್ಕಂದಿನಲ್ಲಿ ಹೊಡೆಸಿಕೊಂಡಾಗ ಆಗುತ್ತಿದ್ದ ಹಾಗೆ.

"ಹಾಡು ಹಿಂದೆ ತಿರುಗಿಸೋಕೆ ಈಗ ಆಗಲ್ಲ," ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕೇಳಲು ಕಷ್ಟವಾಗಿತ್ತು. "ತಿರುಗಿಸೋಕೆ ಇಷ್ಟವೂ ಇಲ್ಲ. ಅದು ಚೆನ್ನಾಗಿದೆ. ಸುಳ್ಳಾದ್ರೂ ಚೆನ್ನಾಗಿದೆ."

"ಇಟ್ಕೋ."

"ಹೆಸರು ಏನ್ ಮಾಡ್ಲಿ?"

ಈ ಪ್ರಶ್ನೆ ಬರುತ್ತದೆಂದು ಆರ್ಡೆಲ್‌ಗೆ ಗೊತ್ತಿತ್ತು. ಮಗ ಕೇಳದೆ ತಾನೇ ಅಳಿಸಿಬಿಟ್ಟರೆ ಸಾಕು ಎಂದು ಅವನು ಕಾಯುತ್ತಿದ್ದ. ಟ್ರೆಲ್ ಅಳಿಸಲಿಲ್ಲ. ಹೆಬ್ಬೆರಳನ್ನು ಫೋನಿನ ಮೇಲಿಟ್ಟುಕೊಂಡು ಅಪ್ಪನ ಬಾಯಿಂದಲೇ ಬರಲಿ ಎಂದು ನೋಡುತ್ತ ಕೂತ.

"ತೆಗಿ," ಅಂದ ಆರ್ಡೆಲ್.

ಟ್ರೆಲ್‌ನ ಹೆಬ್ಬೆರಳು ಆಡಿತು. ಅಂದುಕೊಂಡಷ್ಟು ಹೊತ್ತೂ ಹಿಡಿಯಲಿಲ್ಲ.

"ಏನಂತೆ?" ಲುವೀನಿಯ ಕೇಳಿದಳು. ಅವಳಿಗೆ ಒಂದು ಕಿವಿ ಮಂದ.

"ಏನಿಲ್ಲ ಅಜ್ಜಿ," ಅಂದಳು ಲಟ್ರೀಸ್, ಹೂಜಿ ತಂದಿಡುತ್ತ. "ಅಪ್ಪ ಸತ್ಯ ಹೇಳಿದ್ರು. ಕೋಳಿ ಆರಿಹೋಯ್ತು."

"ಹಾಗಾದ್ರೆ ಅವನಿಗೆ ತೊಡೆ ಭಾಗ ಕೊಡು. ಹಸಿವು ಜಾಸ್ತಿ ಆಗತ್ತೆ."

ಊಟ ಮುಗಿಯಿತು. ಟ್ರೆಲ್ ತಟ್ಟೆ ತೊಳೆದಿಟ್ಟು ಹಿಂದಿನ ಕೋಣೆಗೆ ಹೋದ. ಬಾಗಿಲು ಮುಚ್ಚಿದ. ಸ್ವಲ್ಪ ಹೊತ್ತಿನ ಮೇಲೆ ಆರ್ಡೆಲ್ ಹೋಗಿ ಬಾಗಿಲು ತಟ್ಟಿದ. ಆ ಬಾಗಿಲನ್ನು ಅವನು ಯಾವತ್ತೂ ತಟ್ಟಿದವನಲ್ಲ, ತಳ್ಳಿಕೊಂಡೇ ಹೋಗುವವನು.

"ಒಂದ್ಸಲ ಹಾಕು," ಅಂದ. "ಕೇಳ್ತೀನಿ."

ಟ್ರೆಲ್ ಬಟ್ಟೆ ಚೀಲಕ್ಕೆ ತುಂಬುತ್ತಿದ್ದ. ಗುಂಡಿ ಒತ್ತಿ, ತುಂಬುವುದನ್ನು ಮುಂದುವರಿಸಿದ. ಆರ್ಡೆಲ್ ನಿಂತೇ ಕೇಳಿದ. ಡ್ರಮ್ಮು, ಮಾತು, ದೂರದಲ್ಲಿ ವರ್ನೀಸ್‌ಳ ರೇಡಿಯೊದ ಅಳು, ಮಾರ್ವೆಲಳ ಕೈಯಲ್ಲಿ ಇಳಿದ ತಂತಿ. ಕೊನೆಯ ಚರಣಕ್ಕೆ ಬಂದಾಗ ಟ್ರೆಲ್‌ನ ದನಿ ಏರಲು ಹೊರಟು, ಮೆಟ್ಟಿಲ ಮೇಲೆ ಕಾಲಿಟ್ಟು, ಆಮೇಲೆ ತಿರುಗಿ ಇಳಿಯಿತು. ಮಷೀನು ಅಲ್ಲಿ ನಿಂತಿತ್ತು. ಎಷ್ಟು ಬಡಿತ ನಿಂತಿತು ಎಂದು ಆರ್ಡೆಲ್ ಎಣಿಸಲಿಲ್ಲ.

ನಲವತ್ತು ವರ್ಷ ಅವನು ಆ ತಂತಿಯನ್ನು ಮುಟ್ಟಿದ್ದ. ಅದನ್ನು ಅರ್ಧ ಸ್ವರ ಇಳಿಸಿದರೆ ಅಲ್ಲಿ ಇದು ಸಿಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಹೊಟ್ಟೆಕಿಚ್ಚು ಹೋಗಿರಲಿಲ್ಲ. ಬಸ್ಸಿನಲ್ಲಿದ್ದಾಗಿನದಕ್ಕಿಂತ ಈಗಲೇ ಹೆಚ್ಚಿತ್ತು.

"ಚೆನ್ನಾಗಿದೆ," ಅಂದ.

"ಗೊತ್ತು," ಅಂದ ಟ್ರೆಲ್. ಚೀಲದ ಜಿಪ್ ಎಳೆದ. ಆಮೇಲೆ, ಅಪ್ಪನ ಕಡೆ ನೋಡದೆ, "ಶನಿವಾರ ಅಮ್ಮನ್ನ, ಅಜ್ಜೀನ ಕರ್ಕೊಂಡು ಬರೋರು ಯಾರು? ಲಟ್ರೀಸ್‌ಗೆ ಆ ಹೆದ್ದಾರಿ ಭಯ," ಅಂದ.

"ನಾನೇ ಓಡಿಸ್ತೀನಿ."

"ಎರಡಕ್ಕೆ ಅಲ್ಲಿರ್ಬೇಕು."

"ಒಂದಕ್ಕೇ ಇರ್ತೀವಿ."

ಶುಕ್ರವಾರ ಬೆಳಿಗ್ಗೆ ಟ್ರೆಲ್ ಹೊರಟುಹೋದ. ವರ್ನೀಸ್ ಅಂಗಡಿಗೆ, ಲಟ್ರೀಸ್ ಕೆಲಸಕ್ಕೆ. ಲುವೀನಿಯ ತನ್ನ ಕೋಣೆಯಲ್ಲಿ ಫ್ಯಾನಿನ ಮುಂದೆ ಮಲಗಿದ್ದಳು. ಆರ್ಡೆಲ್ ಗಿಟಾರ್ ತೆಗೆದುಕೊಂಡು ಜಗಲಿಗೆ ಬಂದ. ರಸ್ತೆಯಲ್ಲಿ ಯಾರಾದರೂ ಇದ್ದಾರಾ ಎಂದು ನೋಡಿದ. ಎ‌ರಡನೇ ತಂತಿಯ ಕಿವಿ ಹಿಡಿದು ಮೆಲ್ಲಗೆ ಇಳಿಸಿದ.

ಮೊದಲು ಸಿಗಲಿಲ್ಲ. ಬೆರಳುಗಳು ಹಳೆಯ ದಾರಿಯಲ್ಲೇ ಮೇಲಕ್ಕೆ ಹೋಗುತ್ತಿದ್ದವು. ಅವನು ನಿಲ್ಲಿಸಿ, ನಿನ್ನೆ ಕೇಳಿದ್ದನ್ನು ನೆನಪು ಮಾಡಿಕೊಂಡು, ಮತ್ತೆ ಶುರು ಮಾಡಿದ. ಹತ್ತು ಸಲವೋ ಹದಿನೈದು ಸಲವೋ ಆದ ಮೇಲೆ, ಇಳಿಯುವ ಆ ಜಾಗದಲ್ಲಿ ಗಾಜು ತಂತಿಯ ಮೇಲೆ ತಾನಾಗಿ ಹಿಂದಕ್ಕೆ ಜಾರಿತು. ಮಗ ಮಾಡಿದಷ್ಟು ಚೆನ್ನಾಗಿ ಅಲ್ಲ. ಆದರೂ ಬಂತು.

ಒಳಗಿನಿಂದ ಲುವೀನಿಯ ಕೂಗಿದಳು. "ಯಾರದು ನುಡಿಸ್ತಿರೋದು? ಟ್ರೆಲ್ಲಾ?"

ಆರ್ಡೆಲ್ ತಂತಿಗಳ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸಿದ.

"ಅಲ್ಲಮ್ಮ, ನಾನು," ಅಂದ. "ಹಾಡು ಅವನದು."